ಮಾಧ್ಯಮ ನಿಯಂತ್ರಣ: ನಾವು ಕೇಳಬೇಕಾದುದೇನು?

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಸಿನಿಮಾ, ಟಿ.ವಿ., ಮೊಬೈಲುಗಳಲ್ಲಿ ಏನು ಬರಬೇಕು, ಏನು ಬರಬಾರದು, ಅದನ್ನು ತೀರ್ಮಾನಿಸುವವರು ಯಾರು ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ವಕೀಲನಲ್ಲ, ಪತ್ರಕರ್ತನೂ ಅಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಪಾಠ ಮಾಡುವ ಸಾಮಾನ್ಯ ಶಾಲಾ ಶಿಕ್ಷಕ. ಆದರೂ ಒಪ್ಪಿಕೊಂಡೆ. ಏಕೆಂದರೆ ಈ ವಿಷಯದಲ್ಲಿ ನನ್ನದೇ ಒಂದು ತಪ್ಪು ಇದೆ. ಅದನ್ನು ನಿಮ್ಮ ಮುಂದೆ ಹೇಳಿಕೊಂಡೇ ಮಾತು ಆರಂಭಿಸುತ್ತೇನೆ.

2024ರ ಮೇ ತಿಂಗಳ ಕೊನೆಯಲ್ಲಿ "ಹಮಾರೆ ಬಾರಹ್" ಎಂಬ ಹಿಂದಿ ಚಿತ್ರದ ಟ್ರೇಲರ್ ನಮ್ಮೆಲ್ಲರ ಮೊಬೈಲುಗಳಿಗೆ ಬಂತು. ನಮ್ಮ ಮನೆಗಳನ್ನು, ನಮ್ಮ ಹೆಣ್ಣುಮಕ್ಕಳನ್ನು ಅದು ತೋರಿಸಿದ ರೀತಿ ಕಂಡು ಯಾರಿಗಾದರೂ ನೋವಾಗುವಂತಿತ್ತು. ಜುಮಾ ನಮಾಜಿನ ನಂತರ ಮಸೀದಿಯ ಹೊರಗೆ ಒಂದು ಮನವಿ ಪತ್ರ ಕೈಯಿಂದ ಕೈಗೆ ಹೋಗುತ್ತಿತ್ತು. ಚಿತ್ರವನ್ನು ನಿಷೇಧಿಸಬೇಕು ಎಂದು ಅದರಲ್ಲಿತ್ತು. ನಾನೂ ಸಹಿ ಹಾಕಿದೆ. ಜೂನ್ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಆ ಚಿತ್ರವನ್ನು ಎರಡು ವಾರ ಅಥವಾ ಮುಂದಿನ ಆದೇಶದವರೆಗೆ ಪ್ರದರ್ಶಿಸಬಾರದೆಂದು ಆದೇಶ ಹೊರಡಿಸಿತು. ನಮಗೆಲ್ಲ ಸಮಾಧಾನವಾಯಿತು.

ಮರುದಿನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ನೀವು ಆ ಸಿನಿಮಾ ನೋಡಿದ್ದೀರಾ?"

ಇಲ್ಲ ಎಂದೆ.

"ನೋಡದೆ ಹೇಗೆ ಸಹಿ ಹಾಕಿದಿರಿ ಸರ್? ಪುಸ್ತಕ ಓದದೆ ಅಭಿಪ್ರಾಯ ಬರೆದರೆ ನೀವು ಅಂಕ ಕೊಡುವುದಿಲ್ಲವಲ್ಲ."

ಆ ಮಗುವಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಕುಳಿತುಕೋ ಎಂದೆ. ಇಂದಿನ ಈ ಮಾತುಗಳೆಲ್ಲ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದೇ ತಿಳಿಯಿರಿ.

ಆ ಚಿತ್ರದ ಮುಂದಿನ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಬೊಂಬಾಯಿ ಹೈಕೋರ್ಟಿನಲ್ಲಿ ಅದರ ವಿರುದ್ಧ ಅರ್ಜಿ ಸಲ್ಲಿಕೆಯಾಗಿತ್ತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಹೈಕೋರ್ಟ್ ತೀರ್ಮಾನಿಸುವವರೆಗೆ ಬಿಡುಗಡೆ ಬೇಡವೆಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಹೈಕೋರ್ಟಿನ ನ್ಯಾಯಮೂರ್ತಿಗಳು ಇಡೀ ಚಿತ್ರವನ್ನು ನೋಡಿದರು. ಮೊದಲಿನ ಟ್ರೇಲರ್ ಆಕ್ಷೇಪಾರ್ಹವಾಗಿತ್ತು, ಆದರೆ ಅಂಥ ದೃಶ್ಯಗಳನ್ನು ಚಿತ್ರದಿಂದ ತೆಗೆಯಲಾಗಿದೆ ಎಂದರು. ಇನ್ನೂ ಕೆಲವು ಬದಲಾವಣೆಗಳಿಗೆ, ಎಚ್ಚರಿಕೆಯ ಸೂಚನೆ ಹಾಕುವುದಕ್ಕೆ ಎರಡೂ ಪಕ್ಷಗಳು ಒಪ್ಪಿದವು. ಪ್ರಮಾಣಪತ್ರ ಸಿಗುವ ಮೊದಲೇ ಟ್ರೇಲರ್ ಬಿಟ್ಟಿದ್ದಕ್ಕಾಗಿ ನಿರ್ಮಾಪಕರು 5 ಲಕ್ಷ ರೂಪಾಯಿಯನ್ನು ದಾನಕ್ಕೆ ಕೊಡಬೇಕಾಯಿತು. ಜೂನ್ 21ರಂದು ಚಿತ್ರ ಬಿಡುಗಡೆಯಾಯಿತು.

ಗಮನಿಸಿ. ನೂರಾರು ಸಹಿಗಳ ನಮ್ಮ ಮನವಿಯಿಂದ ಆಗದ ಕೆಲಸವನ್ನು, ಅಂದರೆ ನೋವು ತಂದ ಆ ಮಾತುಗಳನ್ನೇ ಗುರುತಿಸಿ ತೆಗೆಸುವ ಕೆಲಸವನ್ನು, ನ್ಯಾಯಾಲಯದಲ್ಲಿ ಕಾರಣಗಳನ್ನು ಬರೆದುಕೊಟ್ಟ ಅರ್ಜಿ ಮಾಡಿತು. ನಮ್ಮ ನಿಷೇಧ ಏನು ಮಾಡಿತು? ಚಿತ್ರದ ಹೆಸರೇ ಕೇಳದವರಿಗೂ ಅದನ್ನು ಪರಿಚಯಿಸಿತು.

ಒಂದೇ ವರ್ಷ ಕಳೆಯಿತು. 2025ರ ಜೂನ್‌ನಲ್ಲಿ ಕಮಲ್ ಹಾಸನ್ ಅವರ "ಥಗ್ ಲೈಫ್" ಚಿತ್ರಕ್ಕೆ ಇದೇ ಕರ್ನಾಟಕದಲ್ಲಿ ತಡೆ ಬಂತು. ಕನ್ನಡ ತಮಿಳಿನಿಂದ ಹುಟ್ಟಿತು ಎಂಬ ಅವರ ಮಾತು ಕನ್ನಡ ಪಾಠ ಮಾಡುವ ನನಗೂ ಹಿಡಿಸಲಿಲ್ಲ. ಅದು ಭಾಷಾಶಾಸ್ತ್ರ ಒಪ್ಪುವ ಮಾತೂ ಅಲ್ಲ. ಆದರೆ ಆಡಿದ್ದು ಸಮಾರಂಭದಲ್ಲಿ, ತಡೆದದ್ದು ಪ್ರಮಾಣಪತ್ರ ಪಡೆದಿದ್ದ ಚಿತ್ರವನ್ನು! ಗುಂಪುಗಳು ಬೀದಿಯಲ್ಲಿ ನಿಂತು ಇಂಥದ್ದನ್ನು ತೀರ್ಮಾನಿಸಲು ಬಿಡಲಾಗದು ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ ಹೇಳಿತು. ರಕ್ಷಣೆ ಕೊಡುವುದಾಗಿ ರಾಜ್ಯ ಸರ್ಕಾರ ಭರವಸೆ ನೀಡಿತು. ಇದು ಹೊಸ ತತ್ವವೇನಲ್ಲ. "ಒರೇ ಒರು ಗ್ರಾಮತ್ತಿಲೇ" ಎಂಬ ತಮಿಳು ಚಿತ್ರದ ಮೊಕದ್ದಮೆಯಲ್ಲಿ, 1989ರಲ್ಲಿಯೇ, ಗಲಾಟೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಚಿತ್ರವನ್ನು ಹತ್ತಿಕ್ಕಬಾರದು ಎಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟಿತ್ತು.

ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಹೆದರಿಕೆಯಾಯಿತು. ನಿಷೇಧ ಎಂಬುದು ಹಿಡಿ ಇಲ್ಲದ ಕತ್ತಿಯಂತೆ. ಇಂದು ನಾವು ಬೀಸಿದೆವು. ನಾಳೆ ನಮ್ಮ ಹುಡುಗನೊಬ್ಬ ನಮ್ಮ ಬದುಕಿನ ಬಗ್ಗೆ ಕಿರುಚಿತ್ರ ಮಾಡಿದಾಗ ಅದನ್ನು ಬೀಸುವವರು ಬೇರೆಯವರು. ಎಣಿಕೆಯಲ್ಲಿ ಕಡಿಮೆ ಇರುವವರು ಗದ್ದಲದ ಬಲದ ಮೇಲೆ ನಡೆಯುವ ನಿಯಂತ್ರಣವನ್ನು ಬೆಂಬಲಿಸುವುದು ಜಾಣತನವಲ್ಲ. ನಮಗೆ ಬೇಕಾದುದು ಬರೆದ ನಿಯಮ, ಬರೆದ ಕಾರಣ, ಮೇಲ್ಮನವಿಗೆ ಒಂದು ಬಾಗಿಲು.

ಈ ಮೂರನ್ನೂ ಕೇಳಿ ಹೋರಾಡಿದ ಒಬ್ಬ ಹಿರಿಯರು ನಮ್ಮಲ್ಲೇ ಇದ್ದರು. ಉರ್ದು ವಿದ್ಯಾರ್ಥಿಗಳಿಗೆ ಮೌಲಾನಾ ಹಾಲಿ ಅವರ ಹೆಸರು ಗೊತ್ತು. ಅವರ ಮರಿಮೊಮ್ಮಗ ಖ್ವಾಜಾ ಅಹ್ಮದ್ ಅಬ್ಬಾಸ್. 1914ರಲ್ಲಿ ಪಾಣಿಪತ್‌ನಲ್ಲಿ ಹುಟ್ಟಿದವರು. "ಆವಾರಾ" ಚಿತ್ರದ ಕಥೆ ಬರೆದವರು. "ಸಾತ್ ಹಿಂದೂಸ್ತಾನಿ"ಯಲ್ಲಿ ಅಮಿತಾಭ್ ಬಚ್ಚನ್ ಅವರಿಗೆ ಮೊದಲ ಅವಕಾಶ ಕೊಟ್ಟವರು. ದಶಕಗಳ ಕಾಲ "ಬ್ಲಿಟ್ಜ್" ವಾರಪತ್ರಿಕೆಯ ಕೊನೆಯ ಪುಟದ ಅಂಕಣ ಬರೆದವರು. 1968ರಲ್ಲಿ ಅವರು "ಚಾರ್ ಶಹರ್ ಏಕ್ ಕಹಾನಿ" ಎಂಬ 16 ನಿಮಿಷಗಳ ಸಾಕ್ಷ್ಯಚಿತ್ರ ಮಾಡಿದರು. ಕಲ್ಕತ್ತಾ, ಬೊಂಬಾಯಿ, ಮದ್ರಾಸು, ದೆಹಲಿ - ಈ ನಾಲ್ಕು ನಗರಗಳ ಸಿರಿತನ ಒಂದು ಕಡೆ, ಅದನ್ನು ಕಟ್ಟಿದ ಕೂಲಿಗಳ ಬಡತನ ಇನ್ನೊಂದು ಕಡೆ. ನಡುವೆ ಬೊಂಬಾಯಿಯ ವೇಶ್ಯಾವಾಟಿಕೆಯ ಬೀದಿಯ ಒಂದೆರಡು ದೃಶ್ಯಗಳಿದ್ದವು.

ಅಬ್ಬಾಸರು ಎಲ್ಲರೂ ನೋಡಬಹುದಾದ 'ಯು' ಪ್ರಮಾಣಪತ್ರ ಕೇಳಿದರು. ವಯಸ್ಕರಿಗೆ ಮಾತ್ರ ಎಂದಿತು ಮಂಡಳಿ. ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಹೋಯಿತು. ಆ ಬೀದಿಯ ದೃಶ್ಯಗಳನ್ನು ಕತ್ತರಿಸಿದರೆ 'ಯು' ಕೊಡುತ್ತೇವೆ ಎಂದಿತು ಸರ್ಕಾರ. ಅಬ್ಬಾಸರು ಕತ್ತರಿಸಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಒಂದು ಸ್ವಾರಸ್ಯ ನಡೆಯಿತು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ, ಕತ್ತರಿ ಇಲ್ಲದೆಯೇ 'ಯು' ಕೊಡುತ್ತೇವೆ ಎಂದು ಒಪ್ಪಿಕೊಂಡಿತು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಕೆಲಸವಾಯಿತಲ್ಲ ಎಂದು ಮಿಠಾಯಿ ಹಂಚಿ ಮನೆಗೆ ಹೋಗುತ್ತಿದ್ದೆವು. ಅಬ್ಬಾಸರು ಹೋಗಲಿಲ್ಲ. ನನ್ನ ಚಿತ್ರದ ಮಾತು ಬಿಡಿ, ನಿಮ್ಮ ಪದ್ಧತಿಯೇ ಸರಿಯೇ ಎಂದು ಅರ್ಜಿಯನ್ನು ತಿದ್ದಿ ಮುಂದುವರಿಸಿದರು.

ತೀರ್ಪು ಬಂದದ್ದು 1970ರ ಸೆಪ್ಟೆಂಬರ್ 24ರಂದು. ಅದನ್ನು ಬರೆದವರು ಮುಖ್ಯ ನ್ಯಾಯಮೂರ್ತಿ ಮೊಹಮ್ಮದ್ ಹಿದಾಯತುಲ್ಲಾ. ಮುಂದೆ ದೇಶದ ಉಪರಾಷ್ಟ್ರಪತಿಯೂ ಆದವರು. ಮುಖ್ಯ ಪ್ರಶ್ನೆಯಲ್ಲಿ ಅಬ್ಬಾಸರು ಸೋತರು. ಸಿನಿಮಾ ಮನಸ್ಸನ್ನು ಇತರ ಕಲೆಗಳಿಗಿಂತ ಆಳವಾಗಿ ಕಲಕುತ್ತದೆ, ಆದ್ದರಿಂದ ಮುಂಚಿತ ಪರಿಶೀಲನೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು ನ್ಯಾಯಾಲಯ. ಆದರೆ ಕತ್ತರಿ ಹಿಡಿದವನಿಗೆ ಕಲೆ ಯಾವುದು, ಹೊಲಸು ಯಾವುದು ಎಂಬ ವಿವೇಕ ಇರಬೇಕು ಎಂಬುದನ್ನೂ ಆ ತೀರ್ಪು ಒತ್ತಿ ಹೇಳಿತು. ತೀರ್ಮಾನಕ್ಕೆ ಕಾಲಮಿತಿ ಇಡುತ್ತೇವೆ, ಸರ್ಕಾರದ ಕೈಯಿಂದ ಮೇಲ್ಮನವಿಯನ್ನು ತೆಗೆದು ಒಂದು ಸ್ವತಂತ್ರ ನ್ಯಾಯಮಂಡಳಿಗೆ ಕೊಡುತ್ತೇವೆ ಎಂದು ಸರ್ಕಾರದ ವಕೀಲರು ಅದೇ ಮೊಕದ್ದಮೆಯಲ್ಲಿ ಮಾತು ಕೊಟ್ಟರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತಾದರೂ, 1981ರ ಕಾನೂನು ತಿದ್ದುಪಡಿಯಿಂದ ಆ ಮೇಲ್ಮನವಿ ನ್ಯಾಯಮಂಡಳಿ ಹುಟ್ಟಿತು. ಸೋತವರೊಬ್ಬರು ಮುಂದಿನ ಎಲ್ಲ ಚಿತ್ರ ನಿರ್ಮಾಪಕರಿಗೂ ಒಂದು ಬಾಗಿಲು ತೆರೆಸಿ ಹೋದರು.

ಆ ಬಾಗಿಲು ಈಗ ಇಲ್ಲ. 2021ರ ಏಪ್ರಿಲ್‌ನಲ್ಲಿ ಒಂದು ಸುಗ್ರೀವಾಜ್ಞೆಯ ಮೂಲಕ ಆ ನ್ಯಾಯಮಂಡಳಿಯನ್ನು ರದ್ದು ಮಾಡಲಾಯಿತು. ಪ್ರಮಾಣಪತ್ರದ ಬಗ್ಗೆ ತಕರಾರಿದ್ದರೆ ನೇರವಾಗಿ ಹೈಕೋರ್ಟಿಗೆ ಹೋಗಬೇಕು. ದೊಡ್ಡ ಬಂಡವಾಳ ಹೂಡಿದವರು ಹೋಗುತ್ತಾರೆ. ಸಾಲ ಮಾಡಿ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಿದ ಹುಡುಗ ವಕೀಲರ ಶುಲ್ಕ ಕೇಳಿಯೇ ಕತ್ತರಿಗೆ ಒಪ್ಪಿಕೊಳ್ಳುತ್ತಾನೆ. ಅದು ರದ್ದಾದ ದಿನ ನಮ್ಮ ಯಾವ ಸಂಘವೂ ಒಂದು ಹೇಳಿಕೆ ಕೊಟ್ಟದ್ದನ್ನು ನಾನು ಕಾಣಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಸಿನಿಮಾದ ಮಾತು ಇಷ್ಟು ಸಾಕು. ಟಿ.ವಿ.ಗೆ ಬರೋಣ. ನಮ್ಮ ಮನೆಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿಂದ.

2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ನಿಮಗೆ ನೆನಪಿರಬಹುದು. ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನ ಸುದ್ದಿ. ಕೊರೊನಾ ಎಂಬ ರೋಗಕ್ಕೆ ಒಂದು ಧರ್ಮವನ್ನೇ ಅಂಟಿಸಿ ಬೆಳಗಿನಿಂದ ರಾತ್ರಿಯವರೆಗೆ ಕಾರ್ಯಕ್ರಮ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು. ಇಪ್ಪತ್ತು ವರ್ಷಗಳಿಂದ ಒಂದೇ ಬಡಾವಣೆ. ಯಾವ ಮನೆಗೆ ಎಳೆ ಬೆಂಡೆಕಾಯಿ ಬೇಕು, ಯಾರಿಗೆ ಸಾಲ ಬರೆದುಕೊಳ್ಳಬೇಕು, ಎಲ್ಲ ಬಾಯಿಪಾಠ. ಆ ವಾರ ಒಂದು ದಿನ ಗಾಡಿ ಹೋದಂತೆಯೇ ತುಂಬಿದ್ದು ತುಂಬಿದ್ದಂತೆ ಹಿಂತಿರುಗಿತು. "ಯಾರೂ ಬೈಯಲಿಲ್ಲ ಮಾಸ್ತರೇ, ಬಾಗಿಲು ಮಾತ್ರ ತೆಗೆಯಲಿಲ್ಲ" ಎಂದರು ಅವರು. ಸೊಪ್ಪು ಬಾಡಿತ್ತು. ಅದನ್ನು ಕುರಿಗೆ ಹಾಕಿದರು.

ಆ ವಾಹಿನಿಯ ವಿರುದ್ಧ ದೂರು ಕೊಡಬೇಕೆಂದು ನಾವು ನಾಲ್ಕಾರು ಶಿಕ್ಷಕರು ಮಾತನಾಡಿಕೊಂಡೆವು. ಎಲ್ಲಿಗೆ? ಯಾರಿಗೆ? ಒಬ್ಬರು ಪೊಲೀಸ್ ಠಾಣೆ ಎಂದರು, ಒಬ್ಬರು ಶಾಸಕರ ಮನೆ ಎಂದರು. ಕಾರ್ಯಕ್ರಮದ ಹೆಸರು, ದಿನಾಂಕ, ವೇಳೆ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಸುದ್ದಿ ವಾಹಿನಿಗಳೇ ಕಟ್ಟಿಕೊಂಡ ಒಂದು ಸಂಘ ಇದೆ, ಅದಕ್ಕೊಂದು ದೂರು ವಿಚಾರಿಸುವ ಪ್ರಾಧಿಕಾರ ಇದೆ, ಪ್ರಸಾರವಾದ 7 ದಿನಗಳೊಳಗೆ ಮೊದಲು ವಾಹಿನಿಗೇ ಲಿಖಿತ ದೂರು ಕೊಡಬೇಕು, ಉತ್ತರ ತೃಪ್ತಿಯಾಗದಿದ್ದರೆ ಪ್ರಾಧಿಕಾರಕ್ಕೆ ಹೋಗಬೇಕು - ಇದು ನಮಗೆ ತಿಳಿದದ್ದು ತಿಂಗಳುಗಳ ಮೇಲೆ. ಬಿ.ಎಡ್. ಮಾಡಿದವರು ನಾವು! ಮಕ್ಕಳಿಗೆ ಅಧಿಕಾರಿಗಳಿಗೆ ಪತ್ರ ಬರೆಯುವುದನ್ನು ಕಲಿಸುವವರು.

ಆದರೆ ಬೆಂಗಳೂರಿನಲ್ಲಿ ದ್ವೇಷ ಭಾಷಣದ ವಿರುದ್ಧ ಕೆಲಸ ಮಾಡುವ ಕೆಲವರು ಸುಮ್ಮನಿರಲಿಲ್ಲ. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಯಾವ ವಾಹಿನಿ, ಯಾವ ಹೊತ್ತು, ಯಾವ ಮಾತು ಎಂದು ಪಟ್ಟಿ ಮಾಡಿ ಅವರು ದೂರು ಕೊಟ್ಟರು. 2021ರ ಜೂನ್‌ನಲ್ಲಿ ತೀರ್ಮಾನ ಬಂತು. ಎರಡು ಕನ್ನಡ ಸುದ್ದಿ ವಾಹಿನಿಗಳಿಗೆ ದಂಡ: ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ. ಒಂದು ಇಂಗ್ಲಿಷ್ ವಾಹಿನಿಗೆ ಛೀಮಾರಿ. ಅದಕ್ಕೂ ಮೊದಲೇ, 2020ರ ಆಗಸ್ಟ್‌ನಲ್ಲಿ, ಬೊಂಬಾಯಿ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಯಿತೆಂದು ಹೇಳಿತ್ತು.

1 ಲಕ್ಷ ಎಂದರೆ ದೊಡ್ಡ ವಾಹಿನಿಗೆ ಕೆಲವು ಕ್ಷಣಗಳ ಜಾಹೀರಾತಿನ ಹಣ ಎಂದು ನೀವು ಹೇಳಬಹುದು. ನಿಜ. 2008ರಿಂದ ಬದಲಾಗದೆ ಬಂದ ಆ ಮಿತಿ ಪರಿಣಾಮಕಾರಿಯೇ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಕೇಳಿತು. ವಾಹಿನಿಗಳು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ ಎಂಬ ವ್ಯವಸ್ಥೆಯ ದೌರ್ಬಲ್ಯ ಇದು. ಆ ಸಂಘಕ್ಕೆ ಸೇರದ ವಾಹಿನಿಗೆ ಅದರ ಮಾತು ನಾಟುವುದೂ ಇಲ್ಲ. ಆದರೂ ಆ ತೀರ್ಮಾನಗಳು ದಾಖಲೆಯಲ್ಲಿ ಉಳಿದಿವೆ. ನಾಳೆ ಯಾರಾದರೂ, ಹಾಗೇನೂ ನಡೆದಿರಲಿಲ್ಲ ಎಂದರೆ ತೋರಿಸಲು ಒಂದು ಕಾಗದ ಇದೆ. ತಳ್ಳುಗಾಡಿಯವರ ಬಾಡಿದ ಸೊಪ್ಪಿಗೆ ಅಂಥ ಕಾಗದ ಇಲ್ಲ.

ತಡೆಯಲೇಬೇಕಾದ ಸಂದರ್ಭ ಇರುವುದೇ ಇಲ್ಲವೇ ಎಂದು ಹಿರಿಯರೊಬ್ಬರು ಮೊನ್ನೆ ನನ್ನನ್ನು ಕೇಳಿದರು. ಇರುತ್ತದೆ. ಇಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗಳು ಕುಳಿತಿದ್ದೀರಿ. ಮುಸ್ಲಿಮರು ಸಂಚು ಮಾಡಿ ಕೇಂದ್ರ ನಾಗರಿಕ ಸೇವೆಗೆ ನುಸುಳುತ್ತಿದ್ದಾರೆ ಎಂದು 2020ರಲ್ಲಿ ಒಂದು ಹಿಂದಿ ವಾಹಿನಿ ಸರಣಿ ಕಾರ್ಯಕ್ರಮ ಮಾಡಿತು. ಪ್ರಸಾರಕ್ಕೆ ಮೊದಲೇ ತಡೆ ಕೇಳಿದಾಗ, ಆಗಸ್ಟ್ 28ರಂದು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೆಲವು ಕಂತುಗಳು ಪ್ರಸಾರವಾದವು. ಅವುಗಳಲ್ಲಿ ಏನಿದೆ ಎಂಬುದು ಮುಂದೆ ಬಂದ ಮೇಲೆ, ಸೆಪ್ಟೆಂಬರ್ 15ರಂದು, ಉಳಿದ ಕಂತುಗಳಿಗೆ ಅದೇ ನ್ಯಾಯಾಲಯ ತಡೆ ಕೊಟ್ಟಿತು. ಮೊದಲು ನಿರಾಕರಿಸಿದ್ದು ನಮಗೆ ಕಹಿ ಎನಿಸಿತು. ಈಗ ಯೋಚಿಸಿದರೆ ಎರಡನೆಯ ಆದೇಶಕ್ಕೆ ತೂಕ ಬಂದದ್ದೇ ಮೊದಲನೆಯದರಿಂದ. ಹೆದರಿಕೆಯ ಮೇಲೆ ತಡೆಯಲಿಲ್ಲ, ನೋಡಿ ತಡೆದರು. ನಮ್ಮ ದೀನ್ ಕೂಡ ಸುದ್ದಿ ಬಂದಾಗ ಮೊದಲು ಪರಿಶೀಲಿಸಿ ಎಂದೇ ಕಲಿಸುತ್ತದೆ. ಸೂರಃ ಹುಜುರಾತ್ ಓದಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಹಳೆಯ ನೋವನ್ನೂ ಪ್ರಸ್ತಾಪಿಸುತ್ತೇನೆ. ಎರಡೂ ಭಾಷೆಗಳನ್ನು ಕಲಿಸುವವನಾದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗಲಾರೆ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾಯಿತು. ಕನ್ನಡ ವಾರ್ತೆಯ ಬೆನ್ನಿಗೇ, ಎಲ್ಲರೂ ಟಿ.ವಿ. ಮುಂದೆ ಕೂರುವ ಹೊತ್ತಿನಲ್ಲಿ. ಪ್ರತಿಭಟನೆ ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಕೆಲವೇ ದಿನಗಳಲ್ಲಿ ವಾರ್ತೆ ನಿಂತಿತು. ಉರ್ದುವಿಗೂ ಕನ್ನಡಕ್ಕೂ ಜಗಳವಿತ್ತೇ? ನನ್ನ ತರಗತಿಯಲ್ಲಿ ಒಂದೇ ಮಗು ಎರಡನ್ನೂ ಬರೆಯುತ್ತದೆ. ಒಂದನ್ನು ಬಲದಿಂದ, ಒಂದನ್ನು ಎಡದಿಂದ. ಅಷ್ಟೇ ವ್ಯತ್ಯಾಸ. ಯಾರನ್ನೂ ಕೇಳದೆ, ಕನ್ನಡಿಗರ ಆತಂಕಕ್ಕೆ ಕಿವಿಗೊಡದೆ, ಉರ್ದು ಮಾತನಾಡುವವರ ನಿಜವಾದ ಅಗತ್ಯ ಏನೆಂದೂ ವಿಚಾರಿಸದೆ ಮೇಲಿನಿಂದ ಇಳಿಸಿದ ಒಂದು ಮಾಧ್ಯಮ ತೀರ್ಮಾನ ಅದು. ಬೆಲೆ ತೆತ್ತವರು ಬಡಾವಣೆಯ ಬಡವರು. ಮುಂದೆ ನಾಲ್ಕೇ ತಿಂಗಳಲ್ಲಿ, 1995ರ ಫೆಬ್ರವರಿಯಲ್ಲಿ, ಪ್ರಸಾರದ ತರಂಗಗಳು ಸರ್ಕಾರದ ಸ್ವತ್ತಲ್ಲ, ಜನರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿತು. ಜನರ ಸ್ವತ್ತಾದರೆ ಜನರನ್ನು ಕೇಳಬೇಕು. ಅದು ಇನ್ನೂ ಅಭ್ಯಾಸವಾಗಿಲ್ಲ.

ಈಗ ಮುಂದೆ ಬರಲಿರುವುದನ್ನು ನೋಡೋಣ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಬೇಕು, ಏಕೆಂದರೆ ಇದು ನಿಮ್ಮ ಕಾಲದ್ದು.

2021ರ ಫೆಬ್ರವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳು ಮೊಬೈಲಿನಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ಒಟಿಟಿ ಸಂಸ್ಥೆಗಳನ್ನು ಮೂರು ಹಂತದ ವ್ಯವಸ್ಥೆಯ ಕೆಳಗೆ ತಂದವು: ಮೊದಲು ಸಂಸ್ಥೆಯ ದೂರು ಅಧಿಕಾರಿ, ನಂತರ ಸಂಸ್ಥೆಗಳ ಸ್ವನಿಯಂತ್ರಣ ಮಂಡಳಿ, ಕೊನೆಗೆ ಸರ್ಕಾರ. ದೂರು ಅಧಿಕಾರಿ 15 ದಿನಗಳಲ್ಲಿ ಉತ್ತರಿಸಬೇಕು. ಈ ದೇಶದಲ್ಲಿ ಅನೇಕ ಧರ್ಮಗಳ ಜನರಿದ್ದಾರೆ ಎಂಬುದನ್ನು ಸಂಸ್ಥೆಗಳು ಗಮನದಲ್ಲಿಡಬೇಕು ಎಂಬ ಮಾತೂ ಆ ನಿಯಮಗಳ ನೀತಿಸಂಹಿತೆಯಲ್ಲಿದೆ. ಅದೇ ವರ್ಷದ ಜೂನ್‌ನಲ್ಲಿ ಟಿ.ವಿ. ವಾಹಿನಿಗಳಿಗೂ ಹೆಚ್ಚು ಕಡಿಮೆ ಇದೇ ಮೂರು ಹಂತಗಳು ಬಂದವು. ಇದಲ್ಲದೆ ಖಾಸಗಿ ವಾಹಿನಿಗಳ ಮೇಲೆ ಕಣ್ಣಿಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಸಮಿತಿ ಇರಬೇಕೆಂದು 2008ರಲ್ಲೇ ಕೇಂದ್ರ ಸರ್ಕಾರ ಆದೇಶಿಸಿದೆ. ಅದರಲ್ಲಿ ಮಹಿಳಾ ಕಾಲೇಜಿನ ಪ್ರಾಂಶುಪಾಲರು, ಶಿಕ್ಷಣ ತಜ್ಞರು, ಸ್ವಯಂಸೇವಾ ಸಂಸ್ಥೆಯವರಿಗೆ ಸ್ಥಾನವಿದೆ. ನಮ್ಮ ಸಂಘ ಇಷ್ಟು ವರ್ಷಗಳಿಂದ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದಿದೆ. ನಮ್ಮ ಜಿಲ್ಲೆಯ ಆ ಸಮಿತಿಯಲ್ಲಿ ಯಾರಿದ್ದಾರೆ, ಅದು ಸಭೆ ಸೇರುತ್ತದೆಯೇ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಲು 10 ರೂಪಾಯಿ ಸಾಕು.

ಇನ್ನು ದೊಡ್ಡ ಕಾನೂನಿನ ಮಾತು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಸಾರ ಸೇವೆಗಳ ನಿಯಂತ್ರಣ ಮಸೂದೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. 1995ರ ಕೇಬಲ್ ಟಿ.ವಿ. ಕಾಯ್ದೆಯ ಜಾಗಕ್ಕೆ ಟಿ.ವಿ., ಒಟಿಟಿ, ಅಂತರ್ಜಾಲದ ಸುದ್ದಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುವ ಕರಡು ಅದು. ಪ್ರತಿಯೊಂದು ಸಂಸ್ಥೆಯೂ ತನ್ನ ಕಾರ್ಯಕ್ರಮಗಳನ್ನು ಪರಿಶೀಲಿಸುವ ಸಮಿತಿ ಮಾಡಿಕೊಳ್ಳಬೇಕು, ಆ ಸಮಿತಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಲ್ಪಸಂಖ್ಯಾತರ ವಿಷಯ ಬಲ್ಲವರು ಇರಬೇಕು ಎಂಬ ಒಳ್ಳೆಯ ಅಂಶ ಅದರಲ್ಲಿತ್ತು. ಅಂತರ್ಜಾಲದಲ್ಲಿ ಪ್ರಚಲಿತ ವಿಷಯಗಳ ಬಗ್ಗೆ ಒಬ್ಬಂಟಿಯಾಗಿ ಮಾತನಾಡುವವನನ್ನೂ ದೊಡ್ಡ ವಾಹಿನಿಯಂತೆಯೇ ಕಾಣುವ ಅಪಾಯವೂ ಇತ್ತು. 2024ರಲ್ಲಿ ಇನ್ನೊಂದು ಕರಡು ಸಾರ್ವಜನಿಕರಿಗೆ ಕಾಣದಂತೆ ಆಯ್ದ ಕೆಲವರ ಕೈಗೆ ಮಾತ್ರ ಹೋಯಿತು. ಟೀಕೆ ಬಂದ ಮೇಲೆ ಆಗಸ್ಟ್‌ನಲ್ಲಿ ಸರ್ಕಾರ ಹಿಂದೆ ಸರಿದು, ಅಭಿಪ್ರಾಯ ಕೊಡಲು ಮತ್ತೆ ಸಮಯ ಕೊಟ್ಟಿತು. ಅಭಿಪ್ರಾಯ ಕೊಡಿ ಎಂದಾಗ ನಾವೆಲ್ಲಿದ್ದೆವು? "ಅಲ್ಪಸಂಖ್ಯಾತರು" ಎಂಬ ಪದ ಕರಡಿನಲ್ಲಿ ಇತ್ತು. ಆ ಪದವನ್ನು ಉಳಿಸಿ ಎಂದು ಬರೆಯಬೇಕಾಗಿದ್ದ ಅಲ್ಪಸಂಖ್ಯಾತರು ಮಲಗಿದ್ದರು. ಮುಂದೆ ಇಂಥ ಕರಡು ಯಾವ ರೂಪದಲ್ಲಿ ಬಂದರೂ ನಮ್ಮ ಪತ್ರ ಅಲ್ಲಿ ಇರಬೇಕು.

ಇನ್ನೊಂದು ಕಡೆ, ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿ ಸುಳ್ಳೋ ನಿಜವೋ ಎಂದು ಸರ್ಕಾರವೇ ಹೇಳುವ ಘಟಕಕ್ಕೆ ದಾರಿ ಮಾಡಿದ್ದ 2023ರ ನಿಯಮವನ್ನು 2024ರ ಸೆಪ್ಟೆಂಬರ್‌ನಲ್ಲಿ ಬೊಂಬಾಯಿ ಹೈಕೋರ್ಟ್ ಹೊಡೆದುಹಾಕಿತು. ಆ ಮೊಕದ್ದಮೆಯ ಅರ್ಜಿದಾರರಲ್ಲಿ ಒಬ್ಬರು ಹಾಸ್ಯ ಕಲಾವಿದರು. ನಗಿಸುವವರಿಗೆ ಇರುವ ಎಚ್ಚರ ನಮಗೂ ಇದ್ದರೆ ಚೆನ್ನ. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರ, ಧ್ವನಿಗಳಿಗೆ ಗುರುತು ಹಾಕಬೇಕೆಂಬ ಕರಡು ನಿಯಮ 2025ರ ಅಕ್ಟೋಬರ್‌ನಲ್ಲಿ ಹೊರಬಂತು. ಯಾರದೋ ಮುಖಕ್ಕೆ ಟೋಪಿ ಗಡ್ಡ ಹಚ್ಚಿ ಮಾತನಾಡಿಸುವುದು ಈಗ ಮಕ್ಕಳಾಟ. ಆದ್ದರಿಂದ ಗುರುತು ಇರಲಿ ಎಂಬುದು ನಮಗೆ ಬೇಕಾದ ನಿಯಮವೇ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ರೀಲ್ಸ್ ಮಾಡುತ್ತೀರಿ, ನನಗೆ ಗೊತ್ತು. ಮುಖ ಮುಚ್ಚಿಕೊಳ್ಳಬೇಡಿ, ಬೈಯಲು ಹೇಳುತ್ತಿಲ್ಲ. ಎಡಿಟಿಂಗ್, ಡಬ್ಬಿಂಗ್, ಕಥೆ ಬರೆಯುವುದು ಇವೆಲ್ಲ ಹಲಾಲ್ ದುಡಿಮೆಯಾಗಬಲ್ಲ ಕಸುಬುಗಳು. ಡಬ್ಬಿಂಗ್‌ನದ್ದೇ ಕಥೆ ಕೇಳಿ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಕಟ್ಟುಪಾಡು ನಮ್ಮ ಚಿತ್ರರಂಗದಲ್ಲಿ ದಶಕಗಳ ಕಾಲ ಇತ್ತು. ಕಾನೂನೇನೂ ಅಲ್ಲ, ಉದ್ಯಮದವರ ಅಲಿಖಿತ ನಿಷೇಧ. ಕನ್ನಡ ಮತ್ತು ಕಲಾವಿದರ ಅನ್ನ ಉಳಿಸಲು ಎಂದು ಅವರ ವಾದ. ಅದರಲ್ಲಿ ಸತ್ಯಾಂಶ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಅದರಿಂದ ಕನ್ನಡದ ಮಕ್ಕಳು ಲೋಕದ ಒಳ್ಳೆಯ ಚಿತ್ರಗಳನ್ನೆಲ್ಲ ಬೇರೆ ಭಾಷೆಗಳಲ್ಲೇ ನೋಡಿ ಬೆಳೆದರು. ಅದನ್ನು ಪ್ರಶ್ನಿಸಿದವರು ಯಾರು? ನಿರ್ಮಾಪಕರಲ್ಲ, ನಟರಲ್ಲ. ಕನ್ನಡ ಗ್ರಾಹಕರ ಕೂಟ ಎಂಬ ನೋಡುಗರ ಸಂಘ. ಅವರು ಚಿತ್ರಮಂದಿರದ ಮುಂದೆ ಕಲ್ಲು ಹಿಡಿಯಲಿಲ್ಲ, ಸ್ಪರ್ಧಾ ಆಯೋಗಕ್ಕೆ ದೂರು ಬರೆದರು. 2015ರ ಜುಲೈನಲ್ಲಿ ಆಯೋಗ ಅವರ ಪರ ತೀರ್ಪು ಕೊಟ್ಟು ಉದ್ಯಮದ ಸಂಘಗಳಿಗೆ ದಂಡ ಹಾಕಿತು. ಇಂದು ದೊಡ್ಡ ಚಿತ್ರಗಳು ಕನ್ನಡದ ಧ್ವನಿಯಲ್ಲಿ ಬರುತ್ತಿವೆ. ಶೀನ್, ಖಾಫ್ ತಪ್ಪದೆ ಉರ್ದು ಆಡುವ, ಒತ್ತಕ್ಷರ ಮಹಾಪ್ರಾಣ ತಪ್ಪದೆ ಕನ್ನಡ ಓದುವ ನಾಲಗೆಗೆ ಅಲ್ಲಿ ಕೆಲಸ ಇದೆ. (ನನ್ನ ಎರಡು ಪಾಠಗಳಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಡ!) ಒಳಗೆ ಕೆಲಸ ಮಾಡುವವರಲ್ಲಿ ನಮ್ಮವರು ಹತ್ತು ಜನ ಇದ್ದರೆ, ತೆರೆಯ ಮೇಲಿನ ಮುಸ್ಲಿಂ ಪಾತ್ರ ಸುರ್ಮಾ ಹಚ್ಚಿಕೊಂಡು ಹಲ್ಲು ಕಡಿಯುವುದು ತಾನಾಗಿ ಕಡಿಮೆಯಾಗುತ್ತದೆ. ಮನವಿ ಪತ್ರ ಬೇಕಾಗುವುದಿಲ್ಲ.

ಕೊನೆಯದಾಗಿ ನಮ್ಮ ಶಾಲೆಯಲ್ಲಿ ಮಾಡಿದ ಒಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ಗ್ರಂಥಾಲಯದ ಮೇಜಿನ ಮೇಲೆ 200 ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಅಂಕಣಗಳು ಐದು: ವಾಹಿನಿ, ಕಾರ್ಯಕ್ರಮ, ದಿನಾಂಕ ಮತ್ತು ವೇಳೆ, ಆಡಿದ ಮಾತು, ನನಗೆ ಅದು ಏಕೆ ತಪ್ಪೆನಿಸಿತು. ಸ್ವತಃ ನೋಡಿದವರು ಮಾತ್ರ ಬರೆಯಬೇಕು, ಫಾರ್ವರ್ಡ್ ಬಂದದ್ದನ್ನು ಬರೆಯುವಂತಿಲ್ಲ. ಇದನ್ನು ಸೂಚಿಸಿದವಳು ನನ್ನನ್ನು ಪ್ರಶ್ನೆ ಕೇಳಿದ ಅದೇ ಹುಡುಗಿ. ಮೊದಲ ತಿಂಗಳಲ್ಲಿ ಬಂದದ್ದು ಹನ್ನೊಂದು ಬರಹಗಳು. ಐದನೇ ಅಂಕಣ ತುಂಬಿಸಲಾಗದೆ ಅವುಗಳಲ್ಲಿ ಏಳನ್ನು ಮಕ್ಕಳೇ ಹೊಡೆದುಹಾಕಿದರು. ಉಳಿದ ನಾಲ್ಕರಲ್ಲಿ ಒಂದು ನಮ್ಮ ವಿಷಯದ್ದೇ ಅಲ್ಲ. ಹಾಸ್ಯ ಕಾರ್ಯಕ್ರಮವೊಂದರಲ್ಲಿ ಪೌರಕಾರ್ಮಿಕ ಮಹಿಳೆಯ ಬಣ್ಣವನ್ನು ಗೇಲಿ ಮಾಡಿದ್ದರ ಬಗ್ಗೆ. ಮಕ್ಕಳು ಅದನ್ನೇ ಮೊದಲು ಕಳುಹಿಸೋಣ ಎಂದರು. ಕನ್ನಡದಲ್ಲಿ ಬರೆದು, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿ, ಮೂರನೇ ದಿನ ವಾಹಿನಿಗೆ ಕಳುಹಿಸಿದೆವು. ಹದಿಮೂರನೇ ದಿನ ಉತ್ತರ ಬಂತು. ಎರಡೇ ಸಾಲು: ದೂರನ್ನು ಗಮನಿಸಲಾಗಿದೆ, ಕಾರ್ಯಕ್ರಮದ ತಂಡಕ್ಕೆ ತಿಳಿಸಲಾಗಿದೆ.

ಆ ಕಾಗದವನ್ನು ಹುಡುಗಿ ಎರಡು ಸಲ ಓದಿದಳು. "ಸರ್, ಇದರಲ್ಲಿ ಕಾರಣ ಬರೆದಿಲ್ಲ" ಎಂದಳು. ಮೇಲ್ಮನವಿಯ ಕರಡು ಈಗ ಅವಳ ಬಳಿ ಇದೆ. ಸೋಮವಾರ ನಾನು ಕಾಗುಣಿತ ನೋಡಿಕೊಡಬೇಕು.